ಪುಟ್ಟರಾಜು ಮೇಷ್ಟ್ರ ಕೆಂಪು ಗೀಟು

ಪುಟ್ಟರಾಜು ಮೇಷ್ಟ್ರು ಮೈಕನ್ನು ಎರಡು ಸಲ ಬೆರಳಿನಿಂದ ತಟ್ಟಿ, "ಈ ಮೋಹಿನಿ ನಮ್ ಕೈಲೇ ಓದ್ದೋಳು ಕಣ್ರಪ್ಪ," ಎಂದರು. "ಇದೇ ಹತ್ತನೇ ಕ್ಲಾಸಲ್ಲಿ. ಅವತ್ತು ನಾನೊಂದ್ ಮಾತು ಬಯ್ದಿದ್ದೆ. ಅದ್ನೇ ಛಲವಾಗಿ ತಕಂಡು ಈಗ ಇಡೀ ಜಿಲ್ಲೆ ಮಕ್ಳಿಗೆ ದಾರಿ ತೋರುಸ್ತಾವ್ಳೆ. ಚಪ್ಪಾಳೆ ಒಡೀರಿ."

ನಲವತ್ತಮೂರು ಮಕ್ಕಳು ಚಪ್ಪಾಳೆ ಹೊಡೆದರು. ಮೋಹಿನಿ ಕೈಮುಗಿದಳು. ಮುಖದಲ್ಲಿ ನಗು ಉಳಿಸಿಕೊಳ್ಳಲು ದವಡೆ ಬಿಗಿಹಿಡಿಯಬೇಕಾಯಿತು.

ಮೇಷ್ಟ್ರು ಬಯ್ದಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಮುಂದೆ ಏನಾಗಬೇಕೆಂದು ಎಲ್ಲರೂ ಒಂದೊಂದು ಹಾಳೆಯಲ್ಲಿ ಬರೆದುಕೊಡಿ ಎಂದಿದ್ದರು. ಮೋಹಿನಿ 'ದನದ ಡಾಕ್ಟರು' ಎಂದು ಬರೆದಿದ್ದಳು. ಅಪ್ಪ ಅಂಕಯ್ಯನ ಜೊತೆ ಲಾಟೀನು ಹಿಡಿದು ನಿಂತು ಎರಡು ಹಸುಗಳು ಈಯುವಾಗ ಕರು ಎಳೆದಿದ್ದ ಹುಡುಗಿ ಅವಳು. ಮೇಷ್ಟ್ರು ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ದಾಖಲಾತಿ ಪುಸ್ತಕ ಹಿಡಿದು, 'ತಂದೆಯ ಉದ್ಯೋಗ' ಎಂಬ ಕಡೆ ಬೆರಳಿಟ್ಟು ನೋಡುತ್ತಾ ಹೋದರು. ಅಲ್ಲಿ ವ್ಯವಸಾಯ ಎಂದಿದ್ದರೆ ಹಾಳೆ ಹಾಗೇ ಪಕ್ಕಕ್ಕೆ. ಕೂಲಿ ಎಂದಿದ್ದರೆ ಮಗು ಬರೆದದ್ದರ ಮೇಲೆ ಕೆಂಪು ಗೀಟು. ಮೋಹಿನಿಯ ಗೀಟಿನ ಕೆಳಗೆ 'ಆರ್ಟ್ಸ್, ಆಮೇಲೆ ಹೊಲಿಗೆ ತರಬೇತಿ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅವಳಿಗೆ ಶೇಕಡ ಎಂಬತ್ತೆಂಟು ಬಂತು. ಪಿಯುಸಿ ಅರ್ಜಿಯನ್ನೂ ಮೇಷ್ಟ್ರೇ ಆರ್ಟ್ಸ್ ಎಂದು ತುಂಬಿದರು. "ಮೇಷ್ಟ್ರು ಯೋಳೌರೆ ಅಂದ್ಮೇಕೆ ಮುಗೀತು ಬುಡವ್ವ," ಎಂದು ಅಂಕಯ್ಯ ಹೆಬ್ಬೆಟ್ಟು ಒತ್ತಿದ್ದ.

ಈಗ ಅವಳು ಮಂಡ್ಯದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಳು. ಹೈಸ್ಕೂಲು ಮಕ್ಕಳಿಗೆ 'ನನ್ನ ಗುರಿ' ಎಂಬ ಪುಸ್ತಕ ಹಂಚುವುದು, ಏನಾಗಬೇಕು, ಅದಕ್ಕೆ ಏನೇನು ಓದಬೇಕು, ಎಷ್ಟು ಮಾರ್ಕ್ಸ್ ಬೇಕು ಎಂದು ಅವರಿಂದಲೇ ಬರೆಸುವುದು, ಜೊತೆಗಿದ್ದು ದಾಟಿಸುವುದು. ಅವಳದು ಮದ್ದೂರು ತಾಲ್ಲೂಕು. ಮಳವಳ್ಳಿ ಕಡೆಯ ಈ ಕೊಪ್ಪಲಿನ ಶಾಲೆ ಸಹೋದ್ಯೋಗಿ ಸ್ವರೂಪನ ಪಾಲಿನದು. ಪುಟ್ಟರಾಜು ಮೇಷ್ಟ್ರಿಗೆ ಮೇ ತಿಂಗಳಲ್ಲಿ ನಿವೃತ್ತಿ ಎಂದು ಕೇಳಿದ ದಿನವೇ, ಒಂದು ದಿನದ ಮಟ್ಟಿಗೆ ಅದನ್ನು ತನಗೆ ಬಿಡು ಎಂದು ಸ್ವರೂಪನನ್ನು ಕೇಳಿಕೊಂಡಿದ್ದಳು. ಮೂರು ಗಂಟೆಗೆ ಪೋಷಕರ ಸಭೆ ಇತ್ತು. ಅವಳಿಗೆ ಬೇಕಾಗಿದ್ದದ್ದು ಆ ಸಭೆ.

ಮಕ್ಕಳ ಪುಸ್ತಕಗಳನ್ನು ತಿರುವಿ ನೋಡಿದಳು. ಮೂವತ್ತು ಜನ ಜಿಲ್ಲಾಧಿಕಾರಿಯೋ ಡಾಕ್ಟರೋ ಆಗಲು ಹೊರಟಿದ್ದರು. ಎಲ್ಲರೂ 'ಬಡವರ ಸೇವೆ ಮಾಡುವ ಸಲುವಾಗಿ' ಎಂದೇ ಬರೆದಿದ್ದರು. ಕಪ್ಪುಹಲಗೆಯ ಮೂಲೆಯಲ್ಲಿ ಅದೇ ಸಾಲು ಅರ್ಧ ಅಳಿಸಿ ಉಳಿದಿತ್ತು.

"ಸಾರ್, ಒಂದರ್ಧ ಗಂಟೆ ನೀವು ಸ್ಟಾಫ್ ರೂಮಲ್ಲಿರಿ," ಎಂದಳು.

"ಇರ್ತೀನಿ ಕಣಮ್ಮ. ನೀನೇ ಈಗ ಮೇಷ್ಟ್ರು," ಎಂದು ನಗುತ್ತಾ ಹೋದರು.

ಬಾಗಿಲು ಮುಂದೆ ಮಾಡಿ ಬಿಳಿ ಹಾಳೆ ಹಂಚಿದಳು. "ಹೆಸರು ಬೇಡ. ನೀವು ಏನಾಗ್ತೀರಾ ಅಂತ ಸಾರ್ ನಿಮಗೆ ಹೇಳಿದ್ದಾರೋ ಅದನ್ನು ಬರೀರಿ. ಹಲಗೆ ಮೇಲಿಂದ ಅಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬರೆದರು. ಗಾರ್ಮೆಂಟ್ಸು. ಆಲೆಮನೆ. ಸೆಕ್ಯೂರಿಟಿ ಗಾರ್ಡು. ಸೈನ್ಸ್ ತಗೊ, ಇಂಜಿನಿಯರ್ ಆಗ್ತೀಯ. ಮದುವೆ. ಮತ್ತೆ ಗಾರ್ಮೆಂಟ್ಸು. ಆ ಮನುಷ್ಯ ಗೀಟು ಎಳೆಯುವುದನ್ನು ಬಿಟ್ಟಿದ್ದನೇ ಹೊರತು ದಾಖಲಾತಿ ಪುಸ್ತಕ ನೋಡುವುದನ್ನು ಬಿಟ್ಟಿರಲಿಲ್ಲ. ಹಾಳೆಗಳನ್ನು ಜೋಡಿಸುವಾಗ ಮೋಹಿನಿಯ ಬೆರಳು ಬಿಸಿಯಾಗಿದ್ದವು. ಇವನ್ನು ಒಂದೊಂದಾಗಿ, ಅದೇ ಮೈಕಿನಲ್ಲಿ, ಅಪ್ಪ ಅಮ್ಮಂದಿರ ಮುಂದೆ ಓದುವುದು. ಮುಖ ಎಲ್ಲಿಡುತ್ತಾನೋ ನೋಡೋಣ.

ಊಟದ ಗಂಟೆಗೆ ಎಲ್ಲರೂ ಓಡಿದರು. ಒಬ್ಬಳು ಉಳಿದಳು. ಉದ್ದ ಕೈಗಳ ಹುಡುಗಿ, ಹೆಸರು ನಾಗಮಣಿ.

"ಮಿಸ್, ಅದ ಸಭೇಲಿ ಓದೀರಾ?"

"ಯಾಕೆ?"

"ಓದ್ಬೇಡಿ."

"ಯಾರೂ ಹೆಸರು ಬರೆದಿಲ್ಲ ಅಲ್ವಾ?"

"ಮೂರೊರ್ಸದಿಂದ ನಮ್ ನೋಟ್ಸು ತಿದ್ದೌರೆ. ಅಕ್ಷರ ನೋಡುದ್ರೆ ಸಾಕು, ಯಾರ್ದು ಅಂತ ಯೋಳ್ತರೆ." ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು. "ನಾನು ಲ್ಯಾಬ್ ಟೆಕ್ನಿಷಿಯನ್ ಆಗ್ಬೇಕು ಮಿಸ್. ಸೈನ್ಸಲ್ಲಿ ಇಪ್ಪತ್ತು ಇಂಟರ್ನಲ್ ಮಾರ್ಕ್ಸು ಸಾರ್ ಕೈಲದೆ. ನೀವು ನಾಕ್ ಗಂಟೆ ಬಸ್ಸಿಗೆ ಒಂಟೋಯ್ತೀರ. ನಾಳೀಕೆ ಇಲ್ಲಿರೋರು ನಾವು."

"ನಿನಗೇನು ಹೇಳಿದ್ರು?"

"ಕಬ್ಬು ಕಡಿಯಾಕೆ ಒಳ್ಳೇ ರಟ್ಟೆ ಅದೆ ಅಂದ್ರು."

ಇಪ್ಪತ್ತು ಮಾರ್ಕ್ಸ್, ಅದೂ ಒಬ್ಬಳದು, ಎಂದು ಮೋಹಿನಿಗೆ ಅನ್ನಿಸಿತು. ಹದಿನಾಲ್ಕು ವರ್ಷ ಕಾದಿದ್ದಳು. ಹುಡುಗಿಯ ಮೇಲೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ, "ಹೋಗು, ಊಟ ಮಾಡು," ಎಂದು ಗದರಿದಳು. ನಾಗಮಣಿ ಅಲುಗಲಿಲ್ಲ. ಅವಳು ನೋಡುತ್ತಿದ್ದದ್ದು ಮೋಹಿನಿಯನ್ನಲ್ಲ, ಕೈಯಲ್ಲಿದ್ದ ಹಾಳೆಗಳನ್ನು.

ಅಡುಗೆಮನೆಯಲ್ಲಿ ಗ್ಯಾಸು ಮುಗಿದು, ಅಡುಗೆಯ ಮಂಚಮ್ಮ ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ ಸಾರು ಕುದಿಸುತ್ತಿದ್ದಳು. ಮೋಹಿನಿ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ತುರುಕಿದಳು.

"ಏನವ್ವ ಅದು, ಪರೀಕ್ಷೆ ಪೇಪರಾ?" ಎಂದಳು ಮಂಚಮ್ಮ.

"ಹೂಂ."

"ಉರೀಲಿ ಬುಡು. ಸೌದೆ ಅಸಿ ಅವೆ."

ಹೊಗೆಯ ಆಚೆ ಪುಟ್ಟರಾಜು ಮೇಷ್ಟ್ರು ನಿಂತಿದ್ದರು, ಕೈಯಲ್ಲಿ ತಟ್ಟೆ. "ಏನಮ್ಮ ಸುಡ್ತಾ ಇದ್ದೀಯ?"

"ಮಕ್ಕಳು ಬರೆದದ್ದು ಸಾರ್. ಓದಿ ಆಯ್ತು."

"ಏನ್ ಬರ್ದಿದ್ರು?"

"ನಿಮಗೆ ಗೊತ್ತಿರೋದೇ."

ಮೇಷ್ಟ್ರು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಫೋಟೊ ಗೀಟೊ ತಗಂಡಿದ್ದೀಯಾ?" ಮೋಹಿನಿ ಹಾಳೆಗಳನ್ನು ಇನ್ನಷ್ಟು ಒಳಕ್ಕೆ ನೂಕಿದಳು. ಮೇಷ್ಟ್ರು ದನಿ ತಗ್ಗಿಸಿದರು. "ನೋಡು ಮೋಹಿನಿ, ನಾನವತ್ತು ಅಂಗೆ ಬರೀದಿದ್ರೆ ನಿಂಗೆ ಈ ಛಲ ಬತ್ತಿತ್ತಾ?"

"ನಂಗೆ ಛಲ ಬರ್ಲಿಲ್ಲ ಸಾರ್. ಆರ್ಟ್ಸ್ ಬಂತು."

ಮಂಚಮ್ಮ ಸೌಟು ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಮೋಹಿನಿ ಅಲ್ಲಿಂದಲೇ ಸ್ವರೂಪನಿಗೆ ಫೋನು ಮಾಡಿದಳು. "ನನ್ನ ಮದ್ದೂರು ನೀನು ತಗೊಳಪ್ಪ. ಮಳವಳ್ಳಿ ನಂಗೆ ಕೊಡು. ಒಂದು ದಿನಕ್ಕಲ್ಲ, ಪರೀಕ್ಷೆ ಮುಗಿಯೋ ತನಕ." ಎರಡು ಬಸ್ಸು ಬದಲಿಸಬೇಕಾಗುತ್ತದೆ, ತಲೆ ಕೆಟ್ಟಿದೆಯಾ ಎಂದು ಅವನು ಕೇಳಿದ್ದು ಮೇಷ್ಟ್ರಿಗೂ ಕೇಳಿಸಿತು.

ಮೂರು ಗಂಟೆಗೆ ಪೋಷಕರು ನೆಲದ ಜಮಖಾನದ ಮೇಲೆ ಕೂತರು. ಮೇಷ್ಟ್ರು ಮೈಕಿನ ಹತ್ತಿರ ಹೋಗಲಿಲ್ಲ. ಮೋಹಿನಿ ಎದ್ದು ಮೂರೇ ಮಾತು ಆಡಿದಳು. ನಾನು ಪುಟ್ಟರಾಜು ಸಾರ್ ಶಿಷ್ಯೆ, ಅವರೇ ಬೆಳಿಗ್ಗೆ ಎಲ್ಲರ ಮುಂದೆ ಹೇಳಿದ್ದಾರೆ. ಅವರಿಂದ ಇನ್ನೂ ಕಲಿಯುವುದಿದೆ, ಆದ್ದರಿಂದ ಪ್ರತಿ ಗುರುವಾರ ಬಂದು ಅವರ ತರಗತಿಯಲ್ಲಿ ಕೂರುತ್ತೇನೆ. ಇಂಟರ್ನಲ್ ಪರೀಕ್ಷೆಗಳೆಲ್ಲ ಗುರುವಾರವೇ ನಡೆಯಲಿ, ಕೊಟ್ಟ ಅಂಕವನ್ನು ಅಲ್ಲೇ ಓದಿ ಹೇಳಿ ಮಕ್ಕಳ ಗುರಿ ಪುಸ್ತಕದಲ್ಲಿ ಬರೆಸೋಣ, ಮನೆಯಲ್ಲಿ ನೀವೂ ನೋಡಬಹುದು. "ಸಾರ್ ಬೇಡ ಅನ್ನಲ್ಲ ಅಲ್ವಾ ಸಾರ್?"

ಜಮಖಾನದ ಮೇಲಿನ ಮುಖಗಳೆಲ್ಲ ಮೇಷ್ಟ್ರ ಕಡೆ ತಿರುಗಿದವು. ಮುಂದಿದ್ದ ಮರಿಸಿದ್ದಯ್ಯ ಎಂಬ ಮುದುಕ, "ಒಳ್ಳೇದೇ ಆಯ್ತಲ್ಲ ಬುಡಿ ಮೇಷ್ಟ್ರೆ, ನೀವ್ ಓದುಸ್ದ ಮಗು ಜೊತ್ಗೇ ಇರ್ತದೆ," ಎಂದ.

"ಬರ್ಲಿ, ಬರ್ಲಿ," ಎಂದರು ಪುಟ್ಟರಾಜು ಮೇಷ್ಟ್ರು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು.

ಮುಂದಿನ ಗುರುವಾರ ವಿಜ್ಞಾನದ ಪ್ರಯೋಗ ಪರೀಕ್ಷೆ. ಮೋಹಿನಿ ಎಂಟೂವರೆಗೇ ಬಂದಿದ್ದಳು. ಕೊನೆಯ ಬೆಂಚಿನಲ್ಲಿ ಹುಡುಗಿಯರು ಸರಿದು ಜಾಗ ಕೊಟ್ಟರು. ಅವಳು ಪುಸ್ತಕವನ್ನಾಗಲಿ ಪೆನ್ನನ್ನಾಗಲಿ ಹೊರಗೆ ತೆಗೆಯಲಿಲ್ಲ. ಕೈ ಕಟ್ಟಿ ಕೂತಳು.

ಹನ್ನೊಂದನೆಯ ಹೆಸರು ನಾಗಮಣಿಯದು. ಅವಳು ಮೈಲುತುತ್ತದ ನೀಲಿ ಹರಳುಗಳನ್ನು ಪ್ರನಾಳಕ್ಕೆ ಹಾಕಿ, ಇಕ್ಕಳದಲ್ಲಿ ಹಿಡಿದು, ದೀಪದ ಮೇಲೆ ಓರೆಯಾಗಿ ಹಿಡಿದಳು. ಮೇಷ್ಟ್ರು ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟರು. ಬರೆಯಲಿಲ್ಲ. ತಲೆಯೆತ್ತಿ ಕೊನೆಯ ಬೆಂಚಿನತ್ತ ನೋಡಿದರು. ಅಲ್ಲಿಂದ ಎರಡು ಕಣ್ಣು ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದವು. ಅವರ ಮೂಗಿನ ಪಕ್ಕದಲ್ಲಿ ಬೆವರು ಇಳಿಯಿತು. ತರಗತಿಯೂ ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡುತ್ತಿತ್ತು.

ಪ್ರನಾಳದ ಗೋಡೆಗೆ ಸಣ್ಣ ನೀರ ಹನಿಗಳು ಕಟ್ಟಿದವು. ತಳದಲ್ಲಿ ನೀಲಿ ಮೆಲ್ಲಗೆ ಬೆಳ್ಳಗಾಗುತ್ತಿತ್ತು. ಅದನ್ನು ನಾಗಮಣಿಯೊಬ್ಬಳೇ ನೋಡುತ್ತಿದ್ದಳು.