ಕಿಣತ್ತುಕಡವಿನಲ್ಲಿ ನಿಲ್ಲುವ ರೈಲು

ಅಪ್ಪ ಹೋಗಿ ಮೂರು ತಿಂಗಳಾದ ಮೇಲೆ, ಅವರ ಆಟಿಕೆ ರೈಲನ್ನು ಒಂದು ಸುತ್ತಾದರೂ ಪೂರ್ತಿ ಓಡಿಸಿ ಅಮ್ಮನಿಗೆ ಆ ಸದ್ದು ಕೇಳಿಸಬೇಕೆಂದು ನಾನು ಹಟ ಹಿಡಿದೆ. ಸಿಂಗಾನಲ್ಲೂರಿನ ನಮ್ಮ ಮನೆಯ ಹಾಲಿನಲ್ಲಿ ಅರ್ಧ ಜಾಗ ಆ ರೈಲಿನ ಮೇಜಿಗೇ. ಅಪ್ಪ ವಾದೀಶ ರಾಯರು ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಸಂಜೆ ಬಂದು, ಕಾಫಿ ಲೋಟ ಕೆಳಗಿಟ್ಟು, ಮೂಗಿನಲ್ಲಿ ಅನೌನ್ಸ್‌ಮೆಂಟ್ ಮಾಡುತ್ತ ಆ ಪುಟ್ಟ ಎಂಜಿನ್ನನ್ನು ಪೊಳ್ಳಾಚಿಗೆ ಕಳಿಸುತ್ತಿದ್ದರು. ಆ ದನಿಯನ್ನು ನಾನು ಎಷ್ಟು ಸರಿಯಾಗಿ ತೆಗೆಯುತ್ತಿದ್ದೆನೆಂದರೆ, ಅಡುಗೆಮನೆಯಿಂದ ಅಮ್ಮ ಅಪ್ಪನೆಂದುಕೊಂಡು ನನಗೇ ಸ್ನಾನಕ್ಕೆ ಹೋಗಿ ಅಂದ್ರೆ ಅಂತ ಗದರಿದ್ದುಂಟು. ಈಗ ಆ ದನಿ ತೆಗೆಯುವ ಧೈರ್ಯ ನನಗಿಲ್ಲ. ತೆಗೆ ಅನ್ನುವವರೂ ಇಲ್ಲ.

ರೈಲು ಪ್ರತಿ ಸಲ ಪೊಳ್ಳಾಚಿ ದಾರಿಯಲ್ಲಿ ಅಪ್ಪ ಮಾಡಿಟ್ಟಿದ್ದ ಕಿಣತ್ತುಕಡವು ಸ್ಟೇಷನ್ನಿನ ತಗಡಿನ ಮಾಡಿನ ಕೆಳಗೆ ನಿಂತುಬಿಡುತ್ತಿತ್ತು. ನಿಂತರೆ ನಿಂತ್ಕೊಳ್ಳಲಿ ಬಿಡೇ, ಯಾರಿಗೇನು ಅವಸರ ಅಂದಳು ಅಮ್ಮ. ನನಗದು ಬೇಸರದ ಮಾತಾಗಿ ಕೇಳಿಸಿತು.

ಭಾನುವಾರ ಬೆಳಿಗ್ಗೆ ಅಪ್ಪನ ಮೀಟರ್ ತೆಗೆದುಕೊಂಡು ಕೂತೆ. ಅದರ ಎರಡು ಕಡ್ಡಿಗಳನ್ನು ಕಂಬಿಗಳ ಪಕ್ಕೆಗೆ ಮುಟ್ಟಿಸಿದರೆ ಎಲ್ಲೆಡೆ ಹನ್ನೆರಡು. ವೋಲ್ಟ್ ಇದೆ, ಓಟ ಇಲ್ಲ ಅಂತ ಮೀಟರಿಗೇ ಜೋಕ್ ಹೇಳಿದೆ. ಅಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು. ಕಂಬಿಗಳನ್ನು ಕೂಡಿಸುವ ಪುಟ್ಟ ತಗಡುಗಳನ್ನು ಬಿಗಿಮಾಡಿದೆ, ವೈರಿಗೆ ಹೊಸದಾಗಿ ಬೆಸುಗೆ ಹಾಕಿದೆ. ರೈಲು ಅಲ್ಲಿಗೇ ಬಂದು ನಿಂತಿತು. ಕೊನೆಗೆ ಮಾಡನ್ನೇ ಎತ್ತಿಟ್ಟು, ಬಟ್ಟೆಗೆ ಸ್ಪಿರಿಟ್ ಹಾಕಿಕೊಂಡು, ಕಂಬಿ, ಅದರಡಿಯ ಪಟ್ಟಿ ಅಂತ ನೋಡದೆ ಗಸಗಸ ಉಜ್ಜಿದೆ. ಧೂಳು ಮೆತ್ತಿದ್ದ ಏನೋ ಹಕ್ಕಳೆ ಎದ್ದು ಬಂತು. ಸ್ವಿಚ್ ಹಾಕಿದೆ. ರೈಲು ಕಿಣತ್ತುಕಡವು ದಾಟಿತು, ಸುತ್ತು ಮುಗಿಸಿತು, ಇನ್ನೊಂದಕ್ಕೆ ಹೊರಟಿತು.

ಸದ್ದು ನಿಲ್ಲಲಿಲ್ಲವಲ್ಲ ಅಂತಲೇ ಇರಬೇಕು, ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಗೆದ್ದೆ ಅಂದುಕೊಂಡು ನಕ್ಕೆ. ಅವಳು ರೈಲನ್ನು ನೋಡಲಿಲ್ಲ, ನನ್ನ ಕೈಲಿದ್ದ ಬಟ್ಟೆಯನ್ನು ನೋಡಿದಳು. ಹಳದಿ, ನಡುವೆ ಕೆಂಪು.

ಆಗ ಹೊಳೆಯಿತು. ಆಯುಧಪೂಜೆಯ ದಿನ ಅಪ್ಪ ಗ್ರೈಂಡರಿನಿಂದ ಹಿಡಿದು ಮೀಟರಿನವರೆಗೆ ಎಲ್ಲಕ್ಕೂ ಗಂಧ ಕುಂಕುಮ ಇಡುವರು. ಕಿಣತ್ತುಕಡವಿನ ಮಾಡಿನ ಕೆಳಗೆ ಕಂಬಿಗೂ ಎರಡಂಗುಲ ಗಂಧ ಎಳೆದು ನಡುವೆ ಕುಂಕುಮ. ಒಣಗಿದ ಗಂಧ ಕರೆಂಟನ್ನು ಹಾಯಗೊಡುವುದಿಲ್ಲ ಅಂತ ಗೊತ್ತಿದ್ದೇ ಇಡುವರು. ಮಾರನೆಯ ಬೆಳಿಗ್ಗೆ ಮರುಪೂಜೆ ಮುಗಿಸಿ ತಾವೇ ಒರೆಸಿ ರೈಲು ಬಿಡುವರು. ಈ ಸಲ ಗಂಧ ಇಟ್ಟವರು ಆ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದರು. ಮನೆಗೆ ವಾಪಸ್ ಬರಲಿಲ್ಲ. ಉಳಿದ ಬೊಟ್ಟುಗಳೆಲ್ಲ ಸೂತಕ ಕಳೆದು ಮನೆ ತೊಳೆದಾಗಲೇ ಹೋಗಿದ್ದವು.

"ನಿಂಗೆ ಗೊತ್ತಿತ್ತಾಮ್ಮ?"

"ಗೊತ್ತಿಲ್ದೆ ಏನು. ನೀ ಆಫೀಸಿಗೆ ಹೋದ್ಮೇಲೆ ದಿನಾ ಒಂದು ಸಲ ಓಡಿಸ್ತಿದ್ದೆ. ಅಲ್ಲಿ ನಿಲ್ಲೋದು. ಮೆದುವಾ ಬೆರಳಲ್ಲಿ ತಳ್ಳಿ ದಾಟಿಸ್ತಿದ್ದೆ." ಕಂಬಿಯತ್ತ ನೋಡಿ ಅಂದಳು, "ಅವರ ಬೆರಳಿನ ಗೆರೆ ಕಾಣ್ತಿತ್ತು ಕಣೇ, ಆ ಗಂಧದಲ್ಲಿ."

ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿಟ್ಟಳು. ರೈಲು ಮತ್ತೆ ಬರುತ್ತಿತ್ತು. ಅಮ್ಮ ಕಿಣತ್ತುಕಡವಿನ ಹತ್ತಿರ ಬಗ್ಗಿ, ಥಳಥಳ ಹೊಳೆಯುತ್ತಿದ್ದ ಕಂಬಿಗೆ ತನ್ನ ಬೆರಳನ್ನು ಅಡ್ಡ ಇಟ್ಟಳು. ಎಂಜಿನ್ ಬಂದು ಅದಕ್ಕೆ ಮೂಗು ತಾಗಿಸಿ, ಗುಂಯ್ ಅನ್ನುತ್ತ ನಿಂತಿತು.

ಅಪ್ಪನ ಅನೌನ್ಸ್‌ಮೆಂಟ್ ನನ್ನ ಗಂಟಲವರೆಗೆ ಬಂತು. ನುಂಗಿಕೊಂಡು ಸ್ವಿಚ್ ಆರಿಸಿದೆ. ಅಮ್ಮ ಬೆರಳು ತೆಗೆಯಲಿಲ್ಲ.