ಮೂವತ್ತು ದಿನದೊಳಗೆ ಸತ್ತಲ್ಲಿ

"ಸಾಯ್ತಾನೋ ಬದುಕ್ತಾನೋ, ಅಷ್ಟು ಬೊಗಳ್ರಲೇ ಸೂಳೆಮಕ್ಕಳಾ. ವಕೀಲ್ರು ಬಂದು ಕುಂತು ಅರ್ಧ ತಾಸಾತು."

ಶಂಭುಲಿಂಗ ಸಾವ್ಕಾರ ಹೀಗೆ ಕೇಳಿದ್ದು ನಮ್ಮ ಐದು ಜನ ಹಮಾಲರನ್ನು. ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯಲ್ಲಿ ಅವನ ಅಕ್ಕಿ ಮಿಲ್ಲು. ಅದರ ಆಫೀಸಿನ ಮುಂದೆ ಚಪ್ಪಲಿ ಬಿಟ್ಟು, ಕಾದ ಸಿಮೆಂಟಿನ ಮೇಲೆ ಒಂದೊಂದೇ ಕಾಲು ಎತ್ತಿಡುತ್ತಾ ನಿಂತಿದ್ದೆವು. ಸಾಯಬೇಕೋ ಬದುಕಬೇಕೋ ಎಂದು ತೀರ್ಮಾನವಾಗಬೇಕಿದ್ದವನು ನಮ್ಮ ಜೊತೆಯ ಆಳು ಹೊನ್ನೂರುಸ್ವಾಮಿ. ಎರಡು ದಿನದಿಂದ ಹೊಸಪೇಟೆಯ ಆಸ್ಪತ್ರೆಯಲ್ಲಿ ಸೊಂಟದ ತನಕ ಸುಟ್ಟುಕೊಂಡು ಮಲಗಿದ್ದ.

"ಡಾಕ್ಟ್ರು ಉಳೀತಾನ ಅಂದಾರ್ರಿ. ಕಾಲಿಂದು ಮಾತ್ರ ಹೇಳಾಕ ಬರಲ್ಲ ಅಂದಾರ," ಎಂದೆ. ನಮ್ಮಲ್ಲಿ ಹತ್ತನೇ ತರಗತಿ ಪಾಸಾದವನು ನಾನೊಬ್ಬನೇ. ಹೀಗಾಗಿ ಬೈಗುಳಕ್ಕೆ ಉತ್ತರ ಕೊಡುವ ಕೆಲಸ ಯಾವಾಗಲೂ ನನ್ನದೇ.

ಸಾವ್ಕಾರ ವಕೀಲನ ಮುಖ ನೋಡಿದ. ವಕೀಲ ಚಹಾದ ಕಪ್ಪು ಕೆಳಗಿಟ್ಟು, "ಡಾಕ್ಟ್ರನ್ನ ನಂಬಬ್ಯಾಡ್ರಿ. ಸತ್ರ ಏನು, ಕಾಲು ಹೋದ್ರ ಏನು, ನೆಟ್ಟಗಾದ್ರ ಏನು, ಎಲ್ಲಾ ಬರದ ಬಿಡಾಣ. ಎಮ್ಮಿ ಯಾವ ಮಗ್ಗಲಾಗ ಬಿದ್ರೂ ನಮ್ಮ ಹೊಲದಾಗ ಬೀಳಬೇಕು," ಎಂದ.

ಸಾವ್ಕಾರ ನಕ್ಕ. ನಾವೂ ನಕ್ಕೆವು. ಅವನು ನಕ್ಕರೆ ನಗುವುದು ನಮಗೆ ರೂಢಿಯಾಗಿ ಹೋಗಿದೆ. ಆ ನಗುವಿಗಾಗಿ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ.

ನಡೆದದ್ದು ಇಷ್ಟು. ಮಿಲ್ಲಿನಲ್ಲಿ ಭತ್ತದ ಹೊಟ್ಟು ಉರಿಸಿ ಬಾಯ್ಲರ್ ನಡೆಸುತ್ತಾರೆ. ಬೂದಿಯನ್ನು ಹಿಂದಿನ ಗುಂಡಿಗೆ ಸುರಿಯುತ್ತಾರೆ. ಮೇಲೆ ನೋಡಿದರೆ ತಣ್ಣಗಿರುತ್ತದೆ, ಒಳಗೆ ನಾಲ್ಕೈದು ದಿನ ಕೆಂಡ ಇರುತ್ತದೆ. ಮೊದಲೆಲ್ಲ ಪೈಪು ಹಿಡಿದು ನೀರು ಬಿಡುತ್ತಿದ್ದೆವು. ಹಸಿ ಬೂದಿ ಬೇಡವೆಂದು ಅದನ್ನು ಕೊಳ್ಳುವ ಇಟ್ಟಿಗೆ ಭಟ್ಟಿಯವರು ತಕರಾರು ಮಾಡಿದ ಮೇಲೆ ಸಾವ್ಕಾರ ನೀರು ನಿಲ್ಲಿಸಿದ. ಬೂದಿ ಹರವಲು ಗುಂಡಿಗೆ ಇಳಿಯುವ ನಾವು ಅವತ್ತಿನಿಂದ ನಾಯಿಯನ್ನು ನಂಬಿದೆವು. ಮಿಲ್ಲಿನ ಕೆಂದು ನಾಯಿ ಬೆಳಗಿನ ಚಳಿಗೆ ಬೂದಿಯ ಮೇಲೆ ಮಲಗುತ್ತದೆ. ಅದು ಮಲಗಿ ಎದ್ದ ಜಾಗಕ್ಕೆ ಕಾಲಿಟ್ಟರೆ ಮೋಸವಿಲ್ಲ ಎಂಬುದು ನಮ್ಮ ನಂಬಿಕೆ. ಹೊನ್ನೂರ ಹಾಗೇ ನೋಡಿ ಇಳಿದ. ನಾಯಿಯ ಭಾರ ತಡೆದ ಬೂದಿ ಮನುಷ್ಯನ ಭಾರ ತಡೆಯಲಿಲ್ಲ. ಸಲಿಕೆ ಚಾಚಿ ಮೇಲಕ್ಕೆ ಎಳೆದಾಗ ಅವನ ಕಾಲಿನ ಚರ್ಮ ಪ್ಯಾಂಟಿನ ಜೊತೆಗೇ ಕಿತ್ತು ಬಂತು.

ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ನಮ್ಮ ಯಾರ ಹೆಸರೂ ಇಲ್ಲ. ಆದರೂ ಕೇರಿಯವರು ದೂರು ಕೊಡುತ್ತೇವೆಂದು ಮಾತಾಡಿಕೊಂಡದ್ದು ಸಾವ್ಕಾರನ ಕಿವಿಗೆ ಬಿದ್ದಿತ್ತು. ಅದಕ್ಕೇ ಈ ವಕೀಲ, ಅದಕ್ಕೇ ಛಾಪಾ ಕಾಗದ.

ಮರುದಿನ ವಕೀಲ ಕಾಗದ ಹಿಡಿದುಕೊಂಡು ಆಸ್ಪತ್ರೆಗೇ ಬಂದ. ಹೊನ್ನೂರನ ಹೆಂಡತಿ ಹೊಳೆಮ್ಮ ಮಂಚದ ಕಾಲ ಬಳಿ ಕುಳಿತು ನೊಣ ಹೊಡೆಯುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. "ನೀನ ಓದಿ ಹೇಳಪ್ಪ ಯಲ್ಲೇಶ. ನಾಳೆ ನಂಗ ಗೊತ್ತಿದ್ದಿಲ್ಲ ಅನಬಾರದು," ಎಂದು ವಕೀಲ ಕಾಗದವನ್ನು ನನ್ನ ಕೈಗೆ ತುರುಕಿದ. ಹೊನ್ನೂರ ಎಚ್ಚರವಾಗಿಯೇ ಇದ್ದ.

"ಸದರಿ ಕಾರ್ಮಿಕನು ತನ್ನ ಸ್ವಂತ ಅಜಾಗರೂಕತೆಯಿಂದ, ನಾಯಿಯ ಬೆನ್ನುಹತ್ತಿ ಹೋಗಿ ಬೂದಿ ಗುಂಡಿಗೆ ಬಿದ್ದಿದ್ದು..."

"ನಾಯಿ ಬೆನ್ನು ಯಾಕ ಹತ್ತಲಿ, ನಂಗೇನು ಹುಚ್ಚಾ?" ಎಂದ ಹೊನ್ನೂರ.

"ನೀ ಸುಮ್ನಿರಪಾ, ನಿಂಗ ಆಯಾಸ ಆಗತೈತಿ," ಎಂದ ವಕೀಲ.

ಮುಂದೆ ಓದಿದೆ. ಪೂರ್ಣ ಗುಣವಾದಲ್ಲಿ, ಬಾರದ ದಿನಗಳ ಕೂಲಿ ಕೇಳದೆ ಮತ್ತೆ ಕೆಲಸಕ್ಕೆ ಹಾಜರಾಗತಕ್ಕದ್ದು. ಕಾಲು ಕಳೆದುಕೊಂಡಲ್ಲಿ, ಅವನ ಬದಲು ಪತ್ನಿಯು ಹೆಣ್ಣಾಳಿನ ಕೂಲಿಗೆ ದುಡಿಯತಕ್ಕದ್ದು. ದುಡಿಯುವವರೆಗೆ ಮಾತ್ರ ಮಿಲ್ಲಿನ ಲೈನಿನ ಮನೆಯಲ್ಲಿ ಇರತಕ್ಕದ್ದು. ಘಟನೆಯ ದಿನದಿಂದ ಮೂವತ್ತು ದಿನದೊಳಗೆ ಸತ್ತಲ್ಲಿ, ಆ ಮನೆಯನ್ನು ಪತ್ನಿಯ ಹೆಸರಿಗೆ ನೋಂದಣಿ ಮಾಡಿಕೊಡತಕ್ಕದ್ದು. ಮೂವತ್ತು ದಿನ ಕಳೆದ ಮೇಲೆ ಸತ್ತಲ್ಲಿ, ಸಾವಿಗೆ ಬೇರೆ ಕಾರಣವೆಂದು ತಿಳಿಯತಕ್ಕದ್ದು, ಪತ್ನಿಯು ಎಂಟು ದಿನದಲ್ಲಿ ಮನೆ ಖಾಲಿ ಮಾಡತಕ್ಕದ್ದು. ಯಾರಾದರೂ ದೂರು ಕೊಟ್ಟಲ್ಲಿ, ಮೇಲಿನ ಯಾವುದೂ ಇಲ್ಲ.

ಲೈನಿನ ಮನೆ ಎಂದರೆ ತಗಡಿನ ಸೂರಿನ ಒಂದೇ ಕೋಣೆ. ಹನ್ನೆರಡು ವರ್ಷದಿಂದ ಗಂಡಹೆಂಡಿರು ಅಲ್ಲೇ ಇದ್ದರು. ಹೊಳೆಮ್ಮನಿಗೆ ತವರಿಲ್ಲ, ಹೊನ್ನೂರನಿಗೆ ಊರಲ್ಲಿ ಒಂದು ಗೋಡೆಯೂ ಉಳಿದಿಲ್ಲ. ಆ ಕೋಣೆ ಬಿಟ್ಟರೆ ಅವರಿಗೆ ರಸ್ತೆಯೇ ಗತಿ.

"ಸಾಯೋದು ಐತಲ್ಲ, ಅದನ್ನ ಇನ್ನೊಮ್ಮೆ ಓದಲೇ," ಎಂದ ಹೊನ್ನೂರ.

ಓದಿದೆ. ಹೊಳೆಮ್ಮ ನನ್ನ ಕೈ ಮೇಲೆ ರಪ್ಪನೆ ಹೊಡೆದಳು. "ಮುಚ್ಚಲೇ ಬಾಯಿ. ಅವ ಹೇಳಿದ್ನಂತ, ಇವ ಓದಿದ್ನಂತ."

ವಕೀಲ ಇಂಕಿನ ಡಬ್ಬಿ ತೆರೆದ. "ಸಾವ್ಕಾರ್ರು ಭಾಳ ದೊಡ್ಡ ಮನಸ್ಸು ಮಾಡ್ಯಾರ. ಆನಿ ಇದ್ರೂ ಸಾವಿರ ಸತ್ರೂ ಸಾವಿರ ಅಂತಾರಲ್ಲ, ನಿನ್ನ ಗಂಡ ಆನಿ ಆಗ್ಯಾನ ನೋಡವಾ. ಒತ್ತು ಹೆಬ್ಬೆಟ್ಟು. ಒತ್ತಿಲ್ಲಾಂದ್ರ ಹೊರಗಿನ ಔಷಧಿ ಚೀಟಿ ನೀನ ನೋಡ್ಕೋಬೇಕು."

ಅವಳು ಒತ್ತಿದಳು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಓದು ಬರೆಹ ಕಲಿತದ್ದು ಇದಕ್ಕೇ ಬಂತು.

ಇಪ್ಪತ್ತೆರಡನೆಯ ದಿನ ಡಾಕ್ಟರು, ಬಲಗಾಲು ಕೊಳೆಯುತ್ತಿದೆ, ಕತ್ತರಿಸದಿದ್ದರೆ ನಂಜು ಮೈಗೆಲ್ಲ ಏರುತ್ತದೆ ಎಂದರು. ಕತ್ತರಿಸಿದರೆ ಬದುಕುತ್ತಾನೆ. ಅವನ ಒಪ್ಪಿಗೆ ಬೇಕಿತ್ತು.

"ಎಷ್ಟು ದಿನ ಆತಲೇ ಯಲ್ಲೇಶ?" ಎಂದು ಹೊನ್ನೂರ ಕೇಳಿದ.

"ಇಪ್ಪತ್ತೆರಡು."

"ಇನ್ನ ಎಂಟೈತಿ." ಅವನು ಡಾಕ್ಟರ ಕಡೆ ತಿರುಗಿ, "ಕಾಲು ಬಿಡ್ರಿ ಸಾರ್, ಹಂಗಾ ಇರ್ಲಿ," ಎಂದ.

ಹೊಳೆಮ್ಮ ಅವನ ಎದೆಯ ಮೇಲೆ ಬಿದ್ದು ಗುದ್ದಿದಳು. "ಏ ಹಾಳಾದವನ, ಆ ಮನಿಗೆ ಬೆಂಕಿ ಬೀಳ್ಲಿ. ನಾ ದುಡಿತೀನಿ, ನೀ ಕುಂದ್ರು. ಬಾಗಲಾಗ ಕುಂತು ನನ್ನ ಬೈಕೊಂತ ಇರು, ಸಾಕು ನಂಗ."

"ನಿನ್ನ ರಟ್ಟಿ ಎಷ್ಟು ವರ್ಷ ನಡೀತೈತಿ? ನಲವತ್ತಾತು. ನೀ ಬಿದ್ದ ದಿನ ಇಬ್ರೂ ಬೀದ್ಯಾಗ. ಕುಂಟನ್ನ ಬಗಲಾಗ ಇಟಗೊಂಡು ಎಲ್ಲಿ ಹೋಗ್ತೀ? ಈಗ ಹೋದ್ರ ನಿಂಗೊಂದು ಬಾಗಲಾರ ಉಳೀತೈತಿ."

"ನೀ ಇಲ್ದ ಬಾಗಲ ತಗೊಂಡು ಏನ್ ಮಾಡ್ಲಿ, ಏನ್ ಮಾಡ್ಲಿ ಹೇಳು?"

ಅವನು ಗೋಡೆಯ ಕಡೆ ಮುಖ ಮಾಡಿದ. ಡಾಕ್ಟರು ಎರಡು ಸಲ ಬಂದು ಗದರಿದರು, ಒಂದು ಸಲ ಕೈ ಹಿಡಿದು ಬೇಡಿದರು. ಅವನು ಕೇಳಲಿಲ್ಲ. ಮನಸ್ಸಿನಲ್ಲಿ ನಾನೂ ಎಂಟು ಎಂದು ಎಣಿಸಿದ್ದೆ. ಮನೆಯೊಂದು ನಮ್ಮ ಕೇರಿಯ ಹೆಣ್ಣಿಗೆ ಆಗುತ್ತದಲ್ಲ ಎಂದುಕೊಂಡಿದ್ದೆ. ಹಾಗೆ ಎಣಿಸುವಂತೆ ನಮ್ಮನ್ನು ಮಾಡಿದವನು ಮಾತ್ರ ಎ.ಸಿ. ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ.

ಇಪ್ಪತ್ತಾರನೆಯ ದಿನ ಅವನಿಗೆ ಸ್ಮೃತಿ ತಪ್ಪಿತು. ಇನ್ನು ಒಂದೆರಡು ದಿನ ಎಂದರು ಡಾಕ್ಟರು. ಆವತ್ತೇ ಮಧ್ಯಾಹ್ನ ಮೊದಲ ಸಲ ಸಾವ್ಕಾರ ಆಸ್ಪತ್ರೆಗೆ ಬಂದ. ಹೊನ್ನೂರನ ಹಣೆ ಮುಟ್ಟಿ ನೋಡಿದ. ಹನ್ನೆರಡು ವರ್ಷದಲ್ಲಿ ಅವನು ನಮ್ಮವರ ಮೈ ಮುಟ್ಟಿದ್ದು ಅದೇ ಮೊದಲು.

"ಎಷ್ಟು ಖರ್ಚಾದ್ರೂ ಆಗ್ಲಿ, ಈ ಮನುಷ್ಯ ಸಾಯಬಾರದು. ಪ್ರೈವೇಟಿಗೆ ಒಯ್ರಿ, ಮಿಷನ್ ಹಚ್ರಿ," ಎಂದು ಕಣ್ಣೊರೆಸಿಕೊಂಡ.

ಹೊಳೆಮ್ಮ ಅವನ ಕಾಲಿಗೆ ಬಿದ್ದಳು. ಅವಳು ಬೀಳುವುದನ್ನು ನೋಡಿ ನಾನೂ ಬಿದ್ದೆ. ಮಿಲ್ಲಿನಲ್ಲಿ ಸುದ್ದಿ ಮುಟ್ಟಿದಾಗ ಹೆಣ್ಣಾಳುಗಳು ಸಾವ್ಕಾರನ ಹೆಸರಲ್ಲಿ ಕಾಯಿ ಒಡೆಸಿದರು. ಬೈದರೂ ಕೈಬಿಡುವವನಲ್ಲ, ದೇವರಂಥ ಮನುಷ್ಯ ಎಂದು ನಮ್ಮ ಬಾಯಿಂದಲೇ ಬಂತು. ನಮ್ಮ ಜನಕ್ಕೆ ಬುದ್ಧಿ ಬರುವ ಹೊತ್ತಿಗೆ ಹೊತ್ತು ಮುಳುಗಿರುತ್ತದೆ.

ಪ್ರೈವೇಟ್ ಆಸ್ಪತ್ರೆಯಲ್ಲಿ ಹೊನ್ನೂರನ ಗಂಟಲಿಗೆ ಕೊಳವೆ ಹಾಕಿದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹೊಳೆಮ್ಮ ಗಾಜಿನ ಬಾಗಿಲಿಗೆ ಹಣೆ ಹಚ್ಚಿ ನಿಂತು, "ಉಸ್ರಾಡಾಕತ್ಯಾನ ನೋಡು ತಮ್ಮಾ," ಎನ್ನುತ್ತಿದ್ದಳು. ವಕೀಲ ದಿನಾ ಬೆಳಿಗ್ಗೆ ಬರುತ್ತಿದ್ದ. ಕಾಳಜಿಗೆ ಬರುತ್ತಾನೆ ಎಂದುಕೊಂಡೆವು. ಗಾಜಿನಾಚೆಯಿಂದ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡು, ಲಿಫ್ಟು ಹತ್ತಿ ಹೋಗಿಬಿಡುತ್ತಿದ್ದ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋಟೋ ಹೊಡೆದ. ಆಮೇಲೆ ಕೆಳಗಿನ ಕೌಂಟರಿಗೆ ಹೋಗಿ, ಇನ್ನು ಮುಂದಿನ ಖರ್ಚು ತಮ್ಮದಲ್ಲ ಎಂದು ಬರೆದುಕೊಟ್ಟ. ಹನ್ನೊಂದಕ್ಕೆ ಹೊಳೆಮ್ಮನ ಹೆಬ್ಬೆಟ್ಟು ತೆಗೆದುಕೊಂಡು ಕೊಳವೆ ಕಿತ್ತರು. ಎದೆ ಮತ್ತೆ ಏರಲಿಲ್ಲ. ಕೊಳವೆ ಸುತ್ತಿಡುತ್ತಿದ್ದ ನರ್ಸಮ್ಮ ಅತ್ತ ಇತ್ತ ನೋಡಿ ಮೆಲ್ಲಗೆ, "ಮೂರು ದಿನದ ಹಿಂದಾ ಹೋಗ್ಯಾನಕ್ಕ ನಿನ್ನ ಗಂಡ. ಆಮ್ಯಾಲಿಂದು ಬರೇ ಮಿಷನ್ನು," ಎಂದಳು.

ಇಪ್ಪತ್ತೆಂಟಕ್ಕೆ ಸತ್ತವನನ್ನು ಮೂವತ್ತು ದಾಟಿಸಿದ್ದರೆಂದು ನನಗೆ ಅಲ್ಲಿ ತಿಳಿಯಿತು. ಹೊಳೆಮ್ಮನಿಗೆ ನನಗಿಂತ ಮೊದಲೇ ತಿಳಿದಿತ್ತು ಅನಿಸುತ್ತದೆ. ಅವಳು ಅಳಲಿಲ್ಲ. ಮೆಟ್ಟಿಲ ಬಳಿ ವಕೀಲನ ಅಂಗಿ ಹಿಡಿದು ನಿಲ್ಲಿಸಿದಳು.

"ಮೂರು ದಿನ ಹೆಣಕ್ಕ ಗಾಳಿ ಊದ್ಸಿದ್ರಲ್ಲ, ಎಷ್ಟಾತ್ರಿ ಖರ್ಚು?"

"ಆ ಲೈನು ರಸ್ತೆಗೆ ಹತ್ತಿದ ಜಾಗ, ಈಗ ಅಲ್ಲಿ ಪೆಟ್ರೋಲ್ ಬಂಕ್ ಬರಾದೈತಿ. ಅದರ ಮುಂದ ಇದೇನು ಲೆಕ್ಕ." ಅವನು ಅಂಗಿ ಬಿಡಿಸಿಕೊಂಡ. "ಎಂಟು ದಿನ ಟೈಮ್ ಐತಿ ಹೊಳೆಮ್ಮ. ಮಣ್ಣು ಮುಗಿಸು, ಸಾಮಾನು ತಗಿ. ಕಾಗದದಾಗ ಇದ್ದಂಗ."

ಗಾಡಿಯಲ್ಲಿ ಹೆಣ ಹಾಕಿಕೊಂಡು ಕಂಪ್ಲಿ ದಾಟಿದೆವು. ಹಳ್ಳದ ದಂಡೆಯ ನಮ್ಮ ಸುಡುಗಾಡಿನಲ್ಲಿ ಉಳಿದ ನಾಲ್ವರು ಗುಂಡಿ ತೆಗೆದು ಕಾಯುತ್ತಿದ್ದರು. ಮಿಲ್ಲಿನ ಲೈನು ಬಂದೊಡನೆ ಹೊಳೆಮ್ಮ ಗಾಡಿ ನಿಲ್ಲಿಸಿದಳು. ಕೋಣೆಯೊಳಗೆ ಹೋಗಿ ಚಾಪೆ ಸುತ್ತಿದಳು, ಕೊಡ ಸರಿಸಿದಳು. ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಎಳೆದಳು.

"ಅವರ್ನ ಇಲ್ಲಿಗೆ ಕರಿ. ಇಲ್ಲೇ ಅಗೀರಿ."

ಕೇರಿಯ ಮುದುಕಿ ಕರೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಮನ್ಯಾಗ ಯಾರಾರ ಮಣ್ಣು ಮಾಡ್ತಾರೇನ ಹುಚ್ಚಿ?"

"ಹೊಲ ಇದ್ದೋರು ಹೊಲದಾಗ ಮಾಡಲ್ಲೇನತ್ತಿ? ಸಾವ್ಕಾರನ ಅಪ್ಪ ಎಲ್ಲಿದ್ದಾನ, ಅವರ ತೋಟದಾಗ ಇಲ್ಲೇನು? ನಮಗ ಇದಾ ಹೊಲ, ಇದಾ ತೋಟ."

ಮೊದಲ ಹಾರೆ ನಾನು ಹಾಕಿದೆ. ಸಾಕ್ಷಿ ಹಾಕಿದ ಕೈಯದು, ಮೊದಲು ಅದೇ ಅಗೆಯಬೇಕಿತ್ತು. ಸಗಣಿ ಸಾರಿಸಿದ ನೆಲ ಒಡೆದು, ಅದರ ಕೆಳಗಿನ ಕರಿಮಣ್ಣು ಒಡೆದು, ಎದೆಮಟ್ಟ ಇಳಿದೆವು. ಮೂರು ಗಂಟೆಗೆ ಹೊನ್ನೂರನನ್ನು ಅವನು ಮಲಗುತ್ತಿದ್ದ ಜಾಗದಲ್ಲೇ ಮಲಗಿಸಿ ಮಣ್ಣು ಎಳೆದೆವು.

ಸಾವ್ಕಾರ ಕಾರಿನಿಂದ ಇಳಿಯುವಾಗಲೇ ಕೂಗಿದ. "ಯಾರಲೇ ಅದು! ತಗೀರಲೇ ಹೆಣ ಹೊರಗ, ಭಾಡ್ಕಾವ್ ನನ್ಮಕ್ಕಳಾ! ನನ್ನ ಜಾಗದಾಗ ಹೆಣ ಹೂಳ್ತೀರಾ?"

ಹೊಳೆಮ್ಮ ಹಸಿ ಮಣ್ಣಿನ ದಿಬ್ಬದ ಮೇಲೆ ಕುಳಿತಿದ್ದಳು. "ಬರ್ರಿ ಸಾವ್ಕಾರ್ರ, ಒಳಗ ಬರ್ರಿ. ನಾ ಖಾಲಿ ಮಾಡಬೇಕು ಅಂತ ಕಾಗದದಾಗ ಐತಿ. ಎಂಟು ದಿನಕ್ಕ ನನ್ನ ಎಳದ ಹಾಕ್ರಿ. ಅವನ್ನ ಖಾಲಿ ಮಾಡಸೋದು ಎಲ್ಲಿ ಬರದೀರಿ, ತೋರಸ್ರಿ."

ಸಾವ್ಕಾರ ಹೊಸ್ತಿಲ ತನಕ ಬಂದವನು ಮಣ್ಣು ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡ. ವಕೀಲ ಕಾಗದದ ಹಾಳೆ ಮಗುಚಿದ, ಮತ್ತೆ ಮಗುಚಿದ. "ಅಗೀರಲೇ, ತಲೀಗೆ ಸಾವಿರ ಕೊಡ್ತೀನಿ," ಎಂದ ಸಾವ್ಕಾರ. ಐವರೂ ನಿಂತಲ್ಲೇ ನಿಂತೆವು.

"ನಿಮ್ಮವ್ವನ, ಜೆಸಿಬಿ ತರಸ್ತೀನಿ. ಗ್ವಾಡಿ ಸಮೇತ ಎತ್ತಿಸಿ ಬಿಸಾಕ್ತೀನಿ."

ತರಿಸಿದ. ಓಡಿಸಿಕೊಂಡು ಬಂದವನು ಗಾದಿಗನೂರಿನ ಮಲ್ಲೇಶ, ಹೊಟ್ಟೆಪಾಡಿಗೆ ಬಂದ ನಮ್ಮಂಥವನೇ. ಗಾಡಿ ಲೈನಿನ ಮುಂದೆ ನಿಂತಿತು. ಬಕೆಟ್ಟು ಮೇಲೆದ್ದು ತಗಡಿನ ಸೂರಿಗೆ ತಾಗಿತು. "ಎಳೀಲೇ," ಎಂದು ಸಾವ್ಕಾರ ಚೀರಿದ. ನಾವು ಹಾರೆ ಸಲಿಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆವು. ಮಲ್ಲೇಶ ನಮ್ಮನ್ನು ನೋಡಿದ, ಸಾವ್ಕಾರನನ್ನು ನೋಡಿದ, ಬಕೆಟ್ಟಿನ ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ, ಎಳೆಯಲೂ ಇಲ್ಲ. ಇಂಜಿನ್ನು ಓಡುತ್ತಲೇ ಇತ್ತು, ತಗಡು ಗಡಗಡ ಅದುರುತ್ತಿತ್ತು.

ಒಳಗೆ ದಿಬ್ಬದ ಪಕ್ಕದಲ್ಲಿ ಹೊಳೆಮ್ಮ ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿ, ಎಸರಿಗೆ ಇಟ್ಟು ಅಕ್ಕಿ ತೊಳೆಯುತ್ತಿದ್ದಳು.