ಕಾಗದದ ಮೇಲಿನ ಎಣ್ಣೆ ಗೆರೆ

ಮರ ಕೊಯ್ಯುವ ಸಣ್ಣ ಚೈನ್‌ಸಾಗಳನ್ನು ರಿಪೇರಿ ಮಾಡುತ್ತಾ ಕೂತು ಇಪ್ಪತ್ತೆರಡು ವರ್ಷವಾಯಿತು. ಗಿರಾಕಿಗಳಿಗೆ ನನ್ನ ಬಾಯಿ ಕಂಡರೆ ಭಯ. ಇರಲಿ ಅಂತಲೇ ಬೈಯುತ್ತೇನೆ. ಪೆಟ್ರೋಲ್ ಹಾಕುವುದನ್ನು ಯಾರೂ ಮರೆಯುವುದಿಲ್ಲ, ಹಾಕದಿದ್ದರೆ ಮೆಷಿನ್ ಓಡುವುದೇ ಇಲ್ಲವಲ್ಲ. ಚೈನಿಗೆ ಹಾಕುವ ಎಣ್ಣೆ ಹಾಗಲ್ಲ. ಅದಿಲ್ಲದಿದ್ದರೂ ಮೆಷಿನ್ ಓಡುತ್ತದೆ, ಸದ್ದು ಮಾಡುತ್ತದೆ, ಮರವನ್ನೂ ಕೊಯ್ಯುತ್ತದೆ. ಹಾಳಾಗುವುದೆಲ್ಲ ಒಳಗೊಳಗೇ. ಅದಕ್ಕೇ ಬಂದವರಿಗೆಲ್ಲ ನನ್ನದು ಒಂದೇ ಪಾಠ. ಪೆಟ್ರೋಲ್, ಎಣ್ಣೆ ಎರಡೂ ಜೊತೆಜೊತೆಗೆ ಇಳಿಯಬೇಕು. ಪೆಟ್ರೋಲ್ ಖಾಲಿಯಾಗುತ್ತಾ ಬಂದರೂ ಎಣ್ಣೆ ತುಂಬಿಯೇ ಇದ್ದರೆ ಖುಷಿಪಡಬೇಡಿ, ಅದು ಚೈನಿಗೆ ಹೋಗುತ್ತಿಲ್ಲ ಅಂತ ಅರ್ಥ. ರಿಪೇರಿ ಮುಗಿದ ಮೇಲೆ ಪ್ರತಿ ಮೆಷಿನ್ನನ್ನೂ ಬಿಳಿ ಕಾಗದದ ಎದುರು ಹಿಡಿದು ಓಡಿಸುತ್ತೇನೆ. ಚೈನಿನಿಂದ ಎಣ್ಣೆ ಚಿಮ್ಮಿ ಕಾಗದದ ಮೇಲೆ ಗೆರೆ ಬೀಳಬೇಕು. ಬೀಳದಿದ್ದರೆ ಆ ಮೆಷಿನ್ ನನ್ನ ಅಂಗಡಿಯ ಬಾಗಿಲು ದಾಟುವುದಿಲ್ಲ.

ಅಣ್ಣ ಮರ ಹತ್ತಿ ಕೊಂಬೆ ಕೊಯ್ಯುವವನು. ನನಗೆ ಸ್ಟೂಲ್ ಹತ್ತಿದರೂ ತಲೆ ತಿರುಗುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಆಕಾಶ, ಇನ್ನೊಬ್ಬನಿಗೆ ನೆಲ ಅಂತ ಅಮ್ಮ ನಗುತ್ತಿದ್ದಳು. ದಿನಾ ಸಂಜೆ ಅಣ್ಣ ತನ್ನ ಮೆಷಿನ್ ತಂದು ನನ್ನ ಮೇಜಿನ ಮೇಲೆ ಕುಕ್ಕುತ್ತಿದ್ದ. ನಾನು ಬಿಚ್ಚಿ, ಮರದ ಹೊಟ್ಟು ಕೆರೆದು, ಚೈನಿನ ಹಲ್ಲು ಹರಿತ ಮಾಡಿ, ಎಣ್ಣೆ ತುಂಬಿ, ಗೆರೆ ಬಿದ್ದ ಕಾಗದವನ್ನು ಹಿಡಿಕೆಗೆ ಸುತ್ತಿ ಕೊಡುತ್ತಿದ್ದೆ. "ಎಣ್ಣೆ ಡಾಕ್ಟ್ರ ಸಹಿ ಬಿತ್ತು, ಇನ್ನು ಹತ್ತಬಹುದು" ಅನ್ನುತ್ತಿದ್ದ.

ಜಗಳ ಆಗಿದ್ದು ಮೂರು ಕಾಸಿನ ಮಾತಿಗೆ. ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವನು, "ಇವನು ನೆಲದ ಮೇಲಿನ ಶೂರ, ಮರ ಅಲ್ಲಾಡಿದ್ರೆ ಇಲ್ಲಿ ಕೂತೇ ನಡುಗ್ತಾನೆ" ಅಂದ. ನೂರು ಸಲ ಅಂದಿದ್ದ ಮಾತೇ. ಅವತ್ತು ಯಾಕೋ ಮೈಯೆಲ್ಲ ಉರಿಯಿತು. "ಇನ್ಮೇಲೆ ನಿನ್ನ ಮೆಷಿನ್ ನೀನೇ ತೊಳ್ಕೋ. ಇಲ್ಲಿಗೆ ತರ್ಬೇಡ" ಅಂದೆ. ಅವನು ನಕ್ಕ. ನಾನು ನಗಲಿಲ್ಲ ಅಂತ ಗೊತ್ತಾದ ಮೇಲೆ, ನಾನು ಆಗಷ್ಟೇ ತೊಳೆದಿಟ್ಟಿದ್ದ ಮೆಷಿನ್ ಎತ್ತಿಕೊಂಡು ಹೋದ.

ನಾಲ್ಕು ದಿನಕ್ಕೆ ಅವನ ಮೊಣಕಾಲು ಉಳುಕಿತು, ತಿಂಗಳು ಮನೆಯಲ್ಲೇ ಇದ್ದ ಅಂತ ಅಮ್ಮನಿಂದ ಗೊತ್ತಾಯಿತು. ಅಮ್ಮ ಇರುವುದು ಅವನ ಮನೆಯಲ್ಲೇ. ಎರಡು ಬೀದಿ ಆಚೆ. ನಾನು ಹೋಗಿ ನೋಡಲಿಲ್ಲ. ಅವನೇ ಬರಲಿ ಅಂತ ಕಾದೆ. ಕಾಲು ಸರಿಹೋದ ಮೊದಲ ದಿನವೇ ಅವನು ಕೆಲಸಕ್ಕೆ ಹೋದ. ಬರುವಾಗ ನಾಲ್ಕು ಜನ ಹೊತ್ತು ತಂದರು.

ಕೆಳಗೆ ಹಗ್ಗ ಹಿಡಿಯುವವನು ನಡೆದದ್ದನ್ನು ಹೇಳಿದ. ಕೊಂಬೆ ಅರ್ಧ ಕೊಯ್ದಾಗ ಚೈನಿನಿಂದ ಹೊಗೆ ಬಂತಂತೆ, ಮೆಷಿನ್ ಅಲ್ಲೇ ಕಚ್ಚಿಕೊಂಡಿತಂತೆ. ಅಣ್ಣ ಎರಡೂ ಕೈಯಲ್ಲಿ ಹಿಡಿದು ಜಗ್ಗುವಾಗ ಕೊಂಬೆ ಸೀಳಿ ಎದೆಗೆ ಬಂದು ಬಡಿಯಿತಂತೆ.

ಅಣ್ಣ ತೀರಿಕೊಂಡ ಹದಿನೇಳನೇ ದಿನ ಅತ್ತಿಗೆ ಅಂಗಡಿಗೆ ಬಂದಳು. ಗೋಣಿಚೀಲದಲ್ಲಿ ಮೆಷಿನ್ ಇತ್ತು. ಅವಳು ಅರ್ಧದಷ್ಟು ಆಗಿದ್ದಳು. ಊಟ ಬಿಟ್ಟಿದ್ದಾಳೆ, ಬಾಯಿಗಿಟ್ಟದ್ದು ಒಳಗೆ ಇಳಿಯುತ್ತಿಲ್ಲ ಅಂತ ಅಮ್ಮ ಹೇಳಿದ್ದು ನಿಜವೇ.

"ಇದನ್ನ ಬಿಚ್ಚಿ ನೋಡು. ನಂಗೆ ನಿಜ ಹೇಳು" ಅಂದಳು.

"ಏನು ನಿಜ ಅತ್ತಿಗೆ?"

"ಇವ್ರು ಕಾಲು ನೋವು ಅಂತ ಮಲಗಿದಾಗ ಮೆಷಿನ್ ನಾನೇ ಒರೆಸಿಟ್ಟೆ. ಎಣ್ಣೆ ಖಾಲಿ ಇತ್ತು. ಟ್ಯಾಂಕ್ ಖಾಲಿ ಇಡಬಾರ್ದು ಅಂತ ನೀನೇ ಹೇಳ್ತಿದ್ದೆ. ನಿನ್ನ ಹತ್ರ ತಗೊಂಡು ಬರ್ತೀನಿ ಅಂದ್ರೆ ಬೇಡ ಅಂದ್ರು. ಅದಕ್ಕೆ ಅಡುಗೆ ಎಣ್ಣೆ ಹಾಕಿಟ್ಟೆ. ಅದ್ರಿಂದಾನೇ ಆಯ್ತಾ? ನಾನೇ ಕೊಂದ್ನಾ?"

ಅಡುಗೆ ಎಣ್ಣೆಯನ್ನು ಅವತ್ತೇ ಹಾಕಿ ಅವತ್ತೇ ಓಡಿಸಿದರೆ ಏನೂ ಆಗುವುದಿಲ್ಲ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ಹಾಕಿ ತಿಂಗಳು ಇಟ್ಟರೆ ಅದು ಅಂಟಾಗಿ, ಎಣ್ಣೆ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಇದು ನನಗೆ ಗೊತ್ತು. ಅವಳಿಗೆ ಗೊತ್ತಿರಲಿಲ್ಲ. ಖಾಲಿ ಇಡಬೇಡಿ ಅಂತ ಹೇಳಿದವನು ಇದನ್ನೂ ಹೇಳಬೇಕಿತ್ತು.

ಅವಳು ಎದುರಿನ ಸ್ಟೂಲ್ ಮೇಲೆ ಕೂತಳು. ನಾನು ಮೊದಲು ಪೆಟ್ರೋಲ್ ಮುಚ್ಚಳ ತೆಗೆದೆ. ತಳದಲ್ಲಿ ಸ್ವಲ್ಪ ಇತ್ತು. ಎಣ್ಣೆ ಮುಚ್ಚಳವನ್ನು ನನ್ನ ಕಡೆಗೆ ತಿರುಗಿಸಿಕೊಂಡು ತೆಗೆದೆ. ಕಂಠಮಟ್ಟ ತುಂಬಿತ್ತು. ಒಂದು ಹನಿಯೂ ಇಳಿದಿರಲಿಲ್ಲ. ನಟ್ ಬಿಚ್ಚಿ, ಕವಚ ತೆಗೆದು, ಚೈನು ಓಡುವ ಉದ್ದನೆಯ ಪಟ್ಟಿಯನ್ನು ಹೊರಗೆಳೆದೆ. ಪಟ್ಟಿ ಸುಟ್ಟು ನೀಲಿಯಾಗಿತ್ತು. ಎಣ್ಣೆ ಬರುವ ತೂತಿನ ಬಾಯಲ್ಲಿ ಹಳದಿ ಅಂಟು ಒಣಗಿ ಕೂತಿತ್ತು. ಪರೀಕ್ಷೆ ಮಾಡುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಅವಳು ಕತ್ತು ಚಾಚಿದಳು. ನಾನು ಹೆಬ್ಬೆರಳನ್ನು ಆ ತೂತಿನ ಮೇಲಿಟ್ಟೆ. ಪೆಟ್ರೋಲ್ ಬಟ್ಟೆಯಿಂದ ಒರೆಸುವ ನೆಪದಲ್ಲಿ ಉಗುರಿನಿಂದ ಅಂಟನ್ನು ಕೆರೆದು ತೆಗೆದೆ. ಎಣ್ಣೆ ಟ್ಯಾಂಕನ್ನು ಅವಳಿಗೆ ಕಾಣದ ಹಾಗೆ ಮೇಜಿನ ಕೆಳಗಿನ ಬೋಗುಣಿಗೆ ಬಗ್ಗಿಸಿದೆ.

"ಎಣ್ಣೆ ಇಳಿದಿದೆ ಅತ್ತಿಗೆ. ಅರ್ಧಕ್ಕಿಂತ ಜಾಸ್ತಿ ಖರ್ಚಾಗಿದೆ. ಅಡುಗೆ ಎಣ್ಣೆಯಿಂದ ಏನೂ ಆಗಿಲ್ಲ."

"ಮತ್ತೆ?"

ಪಟ್ಟಿಯ ಅಂಚಿನ ಸಂದಿಯಲ್ಲಿ ಹೊಟ್ಟು ಸೇರಿತ್ತು. ಯಾವ ಮೆಷಿನ್‌ನಲ್ಲಾದರೂ ಒಂದು ದಿನದ ಕೆಲಸಕ್ಕೆ ಸೇರುವಷ್ಟೇ. ಅದನ್ನು ಚಾಕುವಿನಿಂದ ಎಬ್ಬಿಸಿ ಅವಳಿಗೆ ತೋರಿಸಿದೆ.

"ಇದು ಕಟ್ಕೊಂಡಿತ್ತು. ಎಣ್ಣೆ ಹೊರಗೆ ಬಂದ್ರೂ ಚೈನಿಗೆ ಸಿಗ್ಲಿಲ್ಲ. ಇದನ್ನ ಕ್ಲೀನ್ ಮಾಡೋದು ನನ್ನ ಕೆಲಸ. ಜಗಳ ಆದ ದಿನ ಒಳಗೆ ಬಿಚ್ಚಲೇ ಇಲ್ಲ. ಸಿಟ್ಟಲ್ಲಿ ಮೇಲೆ ಮೇಲೆ ಒರೆಸಿ ಕೊಟ್ಟುಬಿಟ್ಟೆ."

ಸುಳ್ಳು. ಅವತ್ತು ಅದನ್ನು ಕನ್ನಡಿಯ ಹಾಗೆ ತೊಳೆದಿದ್ದೆ.

ಅತ್ತಿಗೆ ಆ ಹೊಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳು ಮದುವೆಯಾಗಿ ಬಂದಾಗ ನನಗಿನ್ನೂ ಹದಿನೈದು. ನನ್ನ ಹರಿದ ಅಂಗಿಗಳನ್ನೆಲ್ಲ ಅವಳೇ ಹೊಲಿದುಕೊಡುತ್ತಿದ್ದಳು. ಆ ಕಣ್ಣಲ್ಲಿ ಅಂಥ ನೋಟ ನಾನು ಯಾವತ್ತೂ ಕಂಡಿರಲಿಲ್ಲ.

"ಅವ್ರು ದಿನಾ ಹೇಳೋರು, ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ" ಅಂದಳು. "ನಮ್ಮ ಮನೆ ಮೆಟ್ಟಿಲು ಹತ್ಬೇಡ. ನಿನ್ನ ಮುಖ ನಂಗೆ ತೋರಿಸ್ಬೇಡ."

ಗೋಣಿಚೀಲವನ್ನೂ ಬಿಟ್ಟು ಹೋದಳು. ನಾನು ಬಾಗಿಲು ಎಳೆದುಕೊಂಡು ಜೋರಾಗಿ ಅತ್ತೆ. ಅವನೂ ಕಾದಿದ್ದನಲ್ಲ ಅನ್ನುವುದೇ ತಡೆಯಲಾಗಲಿಲ್ಲ.

ಹತ್ತು ದಿನದ ಮೇಲೆ ಅಮ್ಮ ಬಂದಳು. ಅತ್ತಿಗೆಗೆ ಹೇಳದೆ ಬಂದಿದ್ದಳು. ಅಷ್ಟರಲ್ಲಿ ಅಣ್ಣನ ಮೆಷಿನ್‌ಗೆ ಹೊಸ ಪಟ್ಟಿ ಹಾಕಿ, ದಾರಿಯೆಲ್ಲ ತೊಳೆದು, ಸರಿಯಾದ ಎಣ್ಣೆ ತುಂಬಿದ್ದೆ. ಯಾರಿಗೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಗೆರೆ ಬಿದ್ದ ಕಾಗದ ಹಿಡಿಕೆಯಲ್ಲೇ ಇತ್ತು.

"ಅತ್ತಿಗೆ ಊಟ ಮಾಡ್ತಿದ್ದಾರಾ?" ಅಂತ ಕೇಳಿದೆ.

"ಮಾಡ್ತಾಳೆ. ನಿನಗೆ ಹಿಡಿಶಾಪ ಹಾಕ್ತಾನೇ ಉಣ್ತಾಳೆ. ನಿನ್ನೆ ಎರಡನೇ ಸಲ ಬಡಿಸ್ಕೊಂಡ್ಲು. ರಾತ್ರಿ ನಿದ್ದೇನೂ ಮಾಡಿದ್ಲು."

ಅಷ್ಟು ಸಾಕು ಅಂದುಕೊಂಡೆ. ಇನ್ನೇನು ಅಮ್ಮ ಹೊರಡುತ್ತಾಳೆ ಅನ್ನಿಸಿತು. ಅವಳು ಹೊರಡಲಿಲ್ಲ. ಆ ಕಾಗದವನ್ನು ಬಿಡಿಸಿ ಗೆರೆಯನ್ನು ನೋಡಿದಳು. ಓದು ಬಾರದವಳು, ಆದರೆ ಆ ಗೆರೆ ಏನು ಅಂತ ಅವಳಿಗೆ ಗೊತ್ತು.

"ಒಂದು ಕೇಳ್ತೀನಿ. ಅವಳಿಗೆ ಏನು ಹೇಳಿದ್ಯೋ ಅದು ಬೇಡ. ಆ ತಿಂಗಳಲ್ಲಿ ನೀನು ಒಂದೇ ಒಂದ್ಸಲ ಬಂದು ಇದನ್ನ ನೋಡಿದ್ರೆ, ನನ್ನ ಮಗ ಬದುಕಿರ್ತಿದ್ನಾ?"

ಬಂದು, ಎರಡು ಮಾತು ಬೈಸಿಕೊಂಡು, ಒಂದು ಕಾಗದ ಹಿಡಿದು ಓಡಿಸಿದ್ದರೆ ಸಾಕಿತ್ತು. ಗೆರೆ ಬೀಳುತ್ತಿರಲಿಲ್ಲ. ಕೂಡಲೇ ಗೊತ್ತಾಗುತ್ತಿತ್ತು. ಇಲ್ಲಿ ಹೇಳಲು ನನ್ನ ಹತ್ತಿರ ಯಾವ ಸುಳ್ಳೂ ಇರಲಿಲ್ಲ.

"ಬದುಕಿರ್ತಿದ್ದ ಅಮ್ಮ" ಅಂದೆ.

ಅಮ್ಮ ಕಾಗದವನ್ನು ಮೊದಲಿದ್ದ ಹಾಗೇ ಹಿಡಿಕೆಗೆ ಸುತ್ತಿದಳು. ನನ್ನ ತಲೆಯ ಮೇಲೆ ಕೈ ಇಡಲು ಎತ್ತಿದವಳು ಇಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೋದಳು.